ಎಲುಬಿನ ಸವಾರನ ಕಾರ್ಡು

ಉಚ್ಚಂಗೆಪ್ಪ,

ಭವಿಷ್ಯ ಹೇಳೋ ಈ ಟ್ಯಾರೋ ಕಾರ್ಡಿನ ಕಟ್ಟು ನನಗೆ ಎಷ್ಟಕ್ಕೆ ಬಿತ್ತು ಅಂತ ಇವತ್ತು ಕೂಡಿಸಿದೆ. ಹಂಪಿಯಲ್ಲಿ ಒಬ್ಬ ಪರದೇಶದವನಿಗೆ ಬದಲಿಗೆ ಕೊಟ್ಟ ಹೊಸ ಕಂಬಳಿ ಒಂದು, ನಿನ್ನ ಗೆಳೆತನ ಒಂದು. ಕಂಬಳಿಯೇನೋ ಬೇರೆ ಸಿಕ್ಕಿತು.

ಸಾವಿನ ಕಾರ್ಡು ಬಂದರೆ ಗಿರಾಕಿ ಎದ್ದು ಹೋಗ್ತಾರ ಅಂತ ಅದನ್ನು ಕಟ್ಟಿನಿಂದ ತೆಗೆದಿಟ್ಟಿದ್ದೆನಲ್ಲ, ಅದಕ್ಕೇ ನೀನು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಛೇಡಿಸಿದ್ದು: "ಲೇ, ಮಗನ ಕಣ್ಣಿಗೆ ಹೆಣ ಬೀಳಬಾರ್ದು ಅಂತ ರಾಜ ಶುದ್ಧೋದನನೂ ಹಿಂಗ ಮುಚ್ಚಿಟ್ಟಿದ್ದ. ಮುಚ್ಚಾಕ ಆತೇನು? ಯಾವುದೂ ಇದ್ದಂಗ ಇರಲ್ಲ." ಅವತ್ತಿನಿಂದ ನಮ್ಮ ನಡುವೆ ಮಾತಿರಲಿಲ್ಲ. ನೀನು ತೀರಿಕೊಂಡ ಮೇಲೆ ಆ ಕಾರ್ಡನ್ನು ಕಟ್ಟಿಗೆ ಸೇರಿಸಿದೆ.

ಇವತ್ತು ನಿನ್ನ ಹೆಂಡತಿ ದುರುಗಮ್ಮ ಬಸ್‌ಸ್ಟ್ಯಾಂಡಿನ ನನ್ನ ಮೇಜಿಗೆ ಬಂದಿದ್ದಳು. ಅನುಕಂಪದ ಆಧಾರದ ಮೇಲೆ ಅವಳಿಗೆ ಹಡಗಲಿಯಲ್ಲಿ ನೌಕರಿ ಆಗಿದೆ.

"ವರ್ಷ ತುಂಬೋತನಕ ಹೊರಗ ಹೋಗಬ್ಯಾಡ ಅಂತಾರ ಮನ್ಯಾಗ. ಹೋಗ್ಲೇನ್ರಿ, ಗುರುಬಸಣ್ಣಾ?"

ಅವಳು ತೆಗೆದದ್ದು ಅದೇ ಕಾರ್ಡು. ಬಿಳಿ ಕುದುರೆ, ಮೇಲೆ ಎಲುಬಿನ ಸವಾರ. ಮಾತು ಮಾರಿ ಮನೆ ಕಟ್ಟಿದ ನಾನು ನಿನ್ನ ಮಾತನ್ನೇ ಎರವಲು ತಂದೆ.

"ಯಾವುದೂ ಇದ್ದಂಗ ಇರಲ್ಲ, ತಂಗಿ. ಕುದುರಿ ಹಿಂದ ನೋಡು, ಸೂರ್ಯ ಅದಾನ."

"ಹುಟ್ಟಾಕತ್ತಾನೋ, ಮುಳುಗಾಕತ್ತಾನೋ?"

"ಅದನ್ನ ಕಾರ್ಡು ಹೇಳಲ್ಲವ್ವಾ."

"ಹಂಗಾರ ನಾನ ಹೋಗಿ ನೋಡ್ತೀನಿ ಬಿಡ್ರಿ," ಅಂದು ನಕ್ಕು, ಹಡಗಲಿ ಬಸ್ಸು ಹತ್ತಿಯೇ ಬಿಟ್ಟಳು. ಬಸ್ಸು ತಿರುವು ದಾಟುವವರೆಗೆ ನಾನು ನಿಂತೇ ಇದ್ದೆ.

ಒಟ್ಟು ಇಷ್ಟು: ದುರುಗಮ್ಮನಿಗೆ ನೌಕರಿ ಸಿಕ್ಕಿತು. ವಾದದಲ್ಲಿ ನೀನು ಗೆದ್ದೆ. ನಾನು ಸೋತೆ ಅಂತ ಹೇಳೋಣವೆಂದರೆ ನನಗೆ ನೀನು ಸಿಕ್ಕಲಿಲ್ಲ.