ಹನ್ನೊಂದರ ತಂತಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

'ತಮ್ಮ'ನ, ಅಂದರೆ ಭಾವನ ಗಿಟಾರಿನ, ತಂತಿ ಬದಲಾಯಿಸಿದೆ. ಎಂದಿನ ಹಾಗೆ ಭಾವ ಎದ್ದು ಕೆಳಗೆ ಬರುವ ಮೊದಲೇ. ಪ್ಯಾಕೆಟ್ಟು ಹನ್ನೊಂದರದ್ದು, ಒಳಗಿನ ತಂತಿ ಎಂಟರದ್ದು. ಹಳೆಯ ಪ್ಯಾಕೆಟ್ಟಿನ ಬಾಯಿಗೆ ಗೋಂದು ಹಚ್ಚಿ ಅಂಟಿಸುವುದರಲ್ಲಿ ನನ್ನ ಕೈ ಎಷ್ಟು ಪಳಗಿದೆ ಎಂದರೆ, ತಯಾರಿಸಿದವರೇ ಬಂದರೂ ಗುರುತು ಹಿಡಿಯಲಾರರು.

ಹನ್ನೊಂದು ಎಂದರೆ ದಪ್ಪ ತಂತಿ. ಒತ್ತಲು ಬಲ ಬೇಕು, ಎಳೆಯಲು ಇನ್ನೂ ಬಲ ಬೇಕು. ಎಂಟು ಎಂದರೆ ಬಲು ತೆಳು, ಮಕ್ಕಳೂ ಒತ್ತಬಹುದು. ಯಾರಿಗಾಗಿ ಇದನ್ನೆಲ್ಲ ಬಿಡಿಸಿ ಬರೆಯುತ್ತೇನೋ... ಓದುವವರು ಯಾರೂ ಇಲ್ಲ. ಭಾವ ಮಾತ್ರ ಸಂದರ್ಶನ ಕೊಟ್ಟಾಗಲೆಲ್ಲ ಹೇಳುತ್ತಾರೆ: "ನಂದು ಹನ್ನೊಂದೇ. ತೆಳ್ಳಗಿನ ತಂತಿ ಸೊಳ್ಳೆ ಹೊಡಿಯೋಕೆ."

ಆಮೇಲೆ ಇಳಿದು ಬಂದರು. ಅಂಗಿಯ ಗುಂಡಿ ಎಲ್ಲ ಸರಿಯಾಗಿತ್ತು. ಅಕ್ಕ ಹಾಕಿ ಕಳಿಸಿದ್ದು. ಅವಳು ಅದನ್ನು ಮುದ್ದು ಮಾಡಿದ ಹಾಗೆ ಮಾಡಿಬಿಡುತ್ತಾಳೆ, ಇವರಿಗೆ ಸಹಾಯ ಅನ್ನಿಸುವುದಿಲ್ಲ.

"ಏನೇ ಎಡಚಿ, ಟ್ಯೂನ್ ಆಯ್ತಾ?"

"ಆಯ್ತು ಭಾವ."

"ಒಂದು ಹಾಡು ಬಾರ್ಸೋಕೆ ಬರಲ್ಲ, ಗಿಟಾರ್ ಮಾತ್ರ ಹೆತ್ತ ಮಕ್ಕಳ ಥರ ನೋಡ್ಕೋತಾಳೆ. ಅಡುಗೆ ಮಾಡಿಟ್ಟು ಉಪವಾಸ ಇರೋಳು ಇವಳು!"

"ಉಣ್ಣೋಕೆ ನೀವಿದ್ದೀರಲ್ಲ."

ನಕ್ಕರು. ತಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸಿದರು. ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು.


ಮಾರ್ಚ್ 5, ಬುಧವಾರ

ಮ್ಯೂಸಿಯಂ ಮೇಡಂ ಬಂದಿದ್ದರು. ಭಾವನ ಗಿಟಾರುಗಳು, ಸದ್ದು ಹೆಚ್ಚಿಸುವ ಆಂಪು, ಪೆಡಲು, ತಂತಿ ಮೀಟುವ ಪಿಕ್ಕು, ಕೊನೆಗೆ ವೈರು ಸುತ್ತಿಡುವ ಹಳೆಯ ಸೂಟ್‌ಕೇಸು ಸಹ ಬೇಕಂತೆ, ಪ್ರದರ್ಶನಕ್ಕೆ. ಇಡೀ ಮಹಡಿ ಇದಕ್ಕೇ ಮೀಸಲು. ಮೇಡಂಗೆ ಒಂದೇ ಹಟ — ಎಲ್ಲವೂ ಮೊದಲ ಆಲ್ಬಮ್ಮಿನ ದಿನ ಹೇಗಿತ್ತೋ ಹಾಗೇ ಇರಬೇಕು. ಸ್ಕ್ರೂ ಕೂಡ ಬದಲಾಗಬಾರದು.

'ಕರಿಯ'ನನ್ನು, ಭಾವನ ಹಳೆಯ ಗಿಟಾರನ್ನು, ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಮೊದಲ ಆಲ್ಬಮ್ಮು ಬಾರಿಸಿದ್ದು ಇದರಲ್ಲೇ. ಕುತ್ತಿಗೆ ಬಿರುಕು ಬಿಟ್ಟ ಮೇಲೆ ವೇದಿಕೆಗೆ ಒಯ್ಯುವುದನ್ನು ನಿಲ್ಲಿಸಿದರು. ಅದರ ಪಡಿಯಚ್ಚಿನಂತೆ ನಾನು ಮಾಡಿಕೊಟ್ಟದ್ದು ತಮ್ಮ. ಪಕ್ಕ ಪಕ್ಕ ಇಟ್ಟರೆ ಅಕ್ಕನಿಗೂ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಬಿರುಕು ಯಾವಾಗಲೋ ಅಂಟಿಸಿ ಗಟ್ಟಿ ಮಾಡಿದ್ದೇನೆ. ಧೂಳು ಒರೆಸುವಾಗ ನನ್ನ ಹಳೆಯ ಯಜಮಾನರ ವರ್ಕ್‌ಶಾಪ್ ನೆನಪಾಯಿತು. ಗಿಟಾರ್ ರಿಪೇರಿ ಕಲಿಯುತ್ತಿದ್ದ ಹುಡುಗಿ ನಾನು. ಅಕ್ಕ ಊಟದ ಡಬ್ಬಿ ಕೊಡಲು ಬಂದವಳು, ಕರಿಯನನ್ನು ರಿಪೇರಿಗೆ ತಂದಿದ್ದ ಗಡ್ಡದವನನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಡಬ್ಬಿ ಕೊಡಲೇ ಇಲ್ಲ.


ಮಾರ್ಚ್ 9, ಭಾನುವಾರ

ಕರಿಯ ಸಿದ್ಧ. ಹನ್ನೊಂದರ ತಂತಿ, ನಿಜವಾದ ಹನ್ನೊಂದು. ಬೆರಳೊತ್ತುವ ಪಟ್ಟಿಯಿಂದ ತಂತಿ ಎಷ್ಟು ಮೇಲಿರಬೇಕೋ ಅಷ್ಟು ಎತ್ತರ, ಆಗಿನ ಹಾಗೇ. ಒತ್ತಿ ನೋಡಿದೆ, ಬೆರಳು ಸೀಳಿದ ಹಾಗಾಯಿತು. ಇದನ್ನು ಈ ಮನುಷ್ಯ ಗಂಟೆಗಟ್ಟಲೆ ನಗುನಗುತ್ತ ಬಾರಿಸುತ್ತಿದ್ದರಲ್ಲ!

'ಅಜ್ಜ'ನನ್ನೂ ಒರೆಸಿದೆ. ಸ್ವಿಚ್ ಹಾಕಿದ ಕೂಡಲೇ ಗೊಣಗಲು ಶುರು ಮಾಡುವ ಆಂಪು ಅದು, ಅದಕ್ಕೇ ಆ ಹೆಸರು. ಇವತ್ತೂ ಗೊಣಗಿತು. ಹೆಮ್ಮೆಯಾಯಿತು ನನಗೆ, ಬರೆದುಕೊಳ್ಳಲು ನಾಚಿಕೆ ಏಕೆ. ಕೆಲಸ ಎಂದರೆ ಹೀಗಿರಬೇಕು.

ಅಕ್ಕ ಬಂದು ಬಾಗಿಲಲ್ಲಿ ನಿಂತಳು.

"ಇದನ್ನ ಅವರು ಮುಟ್ಟಲ್ಲ ತಾನೆ?"

"ಗಾಜಿನ ಪೆಟ್ಟಿಗೇಲಿ ಇಡ್ತಾರೆ ಕಣೇ. ಯಾರು ಮುಟ್ತಾರೆ?"

ಅವಳು ಮೂರು ವರ್ಷದ ಹಿಂದೆಯೂ ಅದೇ ಬಾಗಿಲಲ್ಲಿ ನಿಂತಿದ್ದಳು. ಅವತ್ತು ಅಳುತ್ತಿದ್ದಳು. 'ಅವರ ಎಡಗೈ ಬೆರಳು ಸತ್ತ ಹಾಗಾಗ್ತಿದೆ, ಚಮಚ ಹಿಡಿಯೋಕಾಗ್ತಿಲ್ಲ. ಡಾಕ್ಟ್ರು ಇದು ವಾಪಸ್ ಬರಲ್ಲ ಅಂದ್ರು. ಅವರಿಗೆ ಗಿಟಾರ್ ಹೋದ್ರೆ ಏನುಳಿಯುತ್ತೆ? ಏನಾದ್ರೂ ಮಾಡು, ಹೇಳ್ಬೇಡ ಮಾತ್ರ.' ಮಾಡಿದೆ. ಮೊದಲು ಹತ್ತು, ಆಮೇಲೆ ಒಂಬತ್ತು, ಆಮೇಲೆ ಎಂಟು. ತೆಳುವಾದ ಸದ್ದನ್ನು ಆಂಪಿನಲ್ಲಿ ದಪ್ಪ ಮಾಡಿದೆ. ಎಡಗೈ ಬೆರಳ ತುದಿಗೆ ಸ್ಪರ್ಶ ಕಡಿಮೆ, ಬಲಗೈಯಲ್ಲಿ ಯಾವಾಗಲೂ ಪಿಕ್ಕು, ಹಾಗಾಗಿ ಅವರಿಗೆ ತಿಳಿಯಲಿಲ್ಲ. ಕೈ ಸರಿಹೋಗುತ್ತಿದೆ ಎಂದುಕೊಂಡರು. ಡಾಕ್ಟರಿಗೇನು ಗೊತ್ತು ಎಂದು ಮೂಗು ಮುರಿದರು.


ಮಾರ್ಚ್ 15, ಶನಿವಾರ. ಬೆಳಿಗ್ಗೆ

ನಿನ್ನೆ ಸಂಜೆಯದ್ದು. ಬರೆಯಲೇಬೇಕು.

ಪ್ರದರ್ಶನದ ಉದ್ಘಾಟನೆ. ಜನ ಕಿಕ್ಕಿರಿದಿದ್ದರು. ನಾನು ಮೂಲೆಯಲ್ಲಿ ಅಜ್ಜನ ಹಿಂದೆ ಬಗ್ಗಿ ಪ್ಲಗ್ ನೋಡುತ್ತಿದ್ದೆ. ಯಾರೋ ಕೂಗಿದರು, ಒಂದೇ ಒಂದು ಸಾಲು ಬಾರಿಸಿ ಎಂದು. ಎಲ್ಲರೂ ಕೂಗತೊಡಗಿದರು. ಮೇಡಂ ತಾವೇ ಬೀಗ ತೆಗೆದರು. ಮುಖ ಅರಳಿತ್ತು ಪಾಪ, ಅವರಿಗೇನು ಗೊತ್ತು. ನಾನು ತಲೆ ಎತ್ತುವಷ್ಟರಲ್ಲಿ ಕರಿಯ ಭಾವನ ಹೆಗಲೇರಿದ್ದ.

'ತಂತಿ ಹಳೇದು ಭಾವ, ಕಿತ್ತುಹೋಗುತ್ತೆ' ಎನ್ನಬಹುದಿತ್ತು.

ಎಲ್ಲರಿಗೂ ಗೊತ್ತಿರುವ ಆ ಹಾಡಿನ ಶುರು. ಮೂರನೆಯ ತಂತಿಯನ್ನು ಒತ್ತಿ ಮೇಲಕ್ಕೆ ಎಳೆದರೆ ಸ್ವರ ಏರಿ ಏರಿ ಅಳುತ್ತದೆಯಲ್ಲ, ಅದು. ಎಳೆದರು. ಸ್ವರ ಅರ್ಧ ದಾರಿಯಲ್ಲೇ ನಿಂತಿತು. ಮತ್ತೆ ಎಳೆದರು. ಬೆರಳು ಜಾರಿ ಟಪ್ ಎಂದಿತು. ಜನ ಚಪ್ಪಾಳೆ ಹೊಡೆದರು. ಅದೇ ನನಗೆ ಸಹಿಸಲಾಗಲಿಲ್ಲ, ಅದಕ್ಕೂ ಚಪ್ಪಾಳೆ ಹೊಡೆದರಲ್ಲ.

"ಇವನಿಗೆ ನನ್ನ ಮೇಲೆ ಸಿಟ್ಟು. ಗಾಜಿನೊಳಗೆ ಕೂರಿಸಿದ್ನಲ್ಲ, ಅದಕ್ಕೆ," ಅಂದರು ಮೈಕಿನಲ್ಲಿ. ಎಲ್ಲರೂ ನಕ್ಕರು.

ನಗು ಮುಗಿಯುವ ಮೊದಲೇ ಅವರ ಬಲಗೈ ಹೆಬ್ಬೆರಳು ತಂತಿಯ ಮೇಲೆ ಮೆಲ್ಲಗೆ ಓಡಾಡಿತು. ಆ ಕೈಗೆ ಏನೂ ಆಗಿಲ್ಲ, ತಂತಿಯ ದಪ್ಪ ಚೆನ್ನಾಗಿ ತಿಳಿಯುತ್ತದೆ. ಒಂದು ಸಲ, ಎರಡು ಸಲ. ಆಮೇಲೆ ಅಷ್ಟು ಜನರ ತಲೆಯ ಮೇಲಿಂದ ನನ್ನನ್ನು ಹುಡುಕಿ ನೋಡಿದರು.


ಮಾರ್ಚ್ 16, ಭಾನುವಾರ

ಭಾವ ಕೆಳಗೆ ಬರಲಿಲ್ಲ.


ಮಾರ್ಚ್ 24, ಸೋಮವಾರ. ಮಧ್ಯಾಹ್ನ

ಇವತ್ತು ಬಂದರು. ಅಂಗಿಯ ಗುಂಡಿ ಹಾಕಿರಲಿಲ್ಲ. ನನ್ನ ಮೇಜಿನ ಡ್ರಾಯರ್ ಎಳೆದು ಒಂದು ಪ್ಯಾಕೆಟ್ ತೆಗೆದು, ಹಲ್ಲಿನಿಂದ ಹರಿದರು. ಒಳಗಿನ ಸುರುಳಿಯನ್ನು ಬಲಗೈಯಲ್ಲಿ ಹಿಡಿದು ಬೆಳಕಿಗೆ ನೋಡಿದರು.

"ಎಷ್ಟು ದಿನದಿಂದ?"

"ಮೂರು ವರ್ಷ ಆಯ್ತು ಭಾವ."

"ನಿಮ್ಮಕ್ಕನಿಗೆ ಗೊತ್ತಾ?"

ಕೆಳಗೆ ಬಿದ್ದ ಪ್ಯಾಕೆಟ್ಟಿನ ಚೂರು ಹೆಕ್ಕತೊಡಗಿದೆ.

"ಅವಳಿಗೆ ಗೊತ್ತು, ನಿನಗೆ ಗೊತ್ತು, ಗಿಟಾರಿಗೂ ಗೊತ್ತು. ನನಗೊಬ್ಬನಿಗೆ ಗೊತ್ತಿಲ್ಲ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಕೈ ಸರಿಹೋಯ್ತು ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗಿದ್ನಲ್ಲೇ. ನಗ್ತಿದ್ರಾ ಇಬ್ಬರೂ ಕೂತು?"

"ಅಳ್ತಿದ್ವಿ," ಅಂದೆ. ಬಾಯಿತಪ್ಪಿ ಬಂತು, ಆದರೆ ಅದು ನಿಜ.

ಸುರುಳಿಯನ್ನು ತಮ್ಮನ ಪಕ್ಕದಲ್ಲಿಟ್ಟರು.

"ಶನಿವಾರದ ಶೋಗೆ ಕರಿಯನ್ನ ತರಿಸು. ಹನ್ನೊಂದೇ ಇರ್ಲಿ. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ಕೋತೀನಿ."

ಬೇರೆಯವರು. ಹಾಗಂದರು ನನಗೆ.


ಮಾರ್ಚ್ 26, ಬುಧವಾರ

ಶೋ ಮುಗಿಯುವವರೆಗೆ ಮೇಡಂ ಕರಿಯನನ್ನು ಕೊಟ್ಟರು. ಏಕೆಂದು ಕೇಳಲಿಲ್ಲ. ಗಾಜಿನ ಪೆಟ್ಟಿಗೆ ಖಾಲಿಯೇ ಇರಲಿ ಅಂದರು.

ಅಕ್ಕನಿಗೂ ಅವರಿಗೂ ಮೇಲೆ ಜಗಳ. ಎಲ್ಲ ಕೇಳಿಸುತ್ತದೆ. "ನನ್ನ ಕೈ ನನ್ನದು, ಅದು ಹೋದ್ರೆ ಹೋಗೋದನ್ನ ನಾನು ನೋಡ್ಬೇಕು" ಎನ್ನುತ್ತಿದ್ದಾರೆ. ಅಕ್ಕನ ಉತ್ತರ ಕೇಳಿಸಲಿಲ್ಲ. ಬಾಗಿಲು ಹಾಕಿಕೊಂಡಳು.

ಅವರು ಹೇಳುವುದರಲ್ಲಿ ಏನು ತಪ್ಪಿದೆ? ಆದರೆ ನಾವು ಮಾಡಿದ್ದರಲ್ಲಿ ತಾನೆ ಏನು ತಪ್ಪಿತ್ತು... ಎರಡೂ ಕಡೆ ವಾದ ಮಾಡಿ ಮಾಡಿ ನನಗೇ ಸಾಕಾಗಿದೆ.


ಮಾರ್ಚ್ 28, ಶುಕ್ರವಾರ. ಸಂಜೆ

ನಾಳಿನ ಶೋಗೆ ಸೌಂಡ್ ಚೆಕ್. ನೋಡಬಾರದಿತ್ತು. ತಂತಿ ಎಳೆಯುವ ಆ ಜಾಗ ಬಂದಾಗಲೆಲ್ಲ ಸ್ವರ ಬಿದ್ದುಹೋಗುತ್ತಿತ್ತು. ಡ್ರಮ್ಮರ್ ಅವರ ಕಾಲೇಜಿನ ಗೆಳೆಯ, ಬಾಯಿಗೆ ಬೀಗ ಇಲ್ಲದ ಮನುಷ್ಯ. ಆತ ಕೂಡ ಕಡ್ಡಿ ನೋಡಿಕೊಂಡು ಕುಳಿತ. ಕೊನೆಗೆ ಆತನೇ ನನ್ನ ಹತ್ತಿರ ಬಂದ.

"ಅಮ್ಮಾ ತಾಯಿ, ಲೈಟ್ ಆಫ್ ಆದಾಗ ಇನ್ನೊಂದು ಕೊಟ್ಬಿಡು. ಅವನಿಗೇನು ಕಾಣುತ್ತಾ?"

ಆತ ಹೇಳಿದ್ದು ನಮ್ಮ ಪದ್ಧತಿ. ಹಾಡು ಹಾಡಿನ ನಡುವೆ ದೀಪ ಆರುತ್ತದೆ. ಭಾವ ಹಿಂದಕ್ಕೆ ಕೈ ಚಾಚುತ್ತಾರೆ, ತಿರುಗಿ ನೋಡುವುದಿಲ್ಲ. ನಾನು ಕೊಟ್ಟದ್ದೇ ಗಿಟಾರು. ಒಂದು ದಿನವೂ ಏನು ಕೊಟ್ಟೆ ಎಂದು ಕೇಳಿದವರಲ್ಲ.

ತಮ್ಮನಿಗೆ ಹೊಸ ತಂತಿ ಹಾಕಿಟ್ಟಿದ್ದೇನೆ. ಎಂಟರದ್ದೇ. ಬೇಕಾಗದಿರಬಹುದು.


ಮಾರ್ಚ್ 30, ಭಾನುವಾರ. ಬೆಳಿಗ್ಗೆ

ಶೋ ಮುಗಿಯಿತು.

ಮೊದಲ ಹಾಡುಗಳಿಗೆ ಬೇರೊಂದು ಗಿಟಾರು, ಹೆಚ್ಚು ಒತ್ತುವ ಕೆಲಸ ಇರಲಿಲ್ಲ, ಸಾಗಿತು. ಆಮೇಲೆ ಆ ಹಾಡು. ದೀಪ ಆರಿತು. ಕೈ ಹಿಂದಕ್ಕೆ ಬಂತು. ನನ್ನ ಎಡಗೈಯಲ್ಲಿ ಕರಿಯ, ಬಲಗೈಯಲ್ಲಿ ತಮ್ಮ. ಅಕ್ಕ ಪರದೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. 'ತಮ್ಮನನ್ನು ಕೊಡು' ಎಂದು ಕಣ್ಣಲ್ಲೇ ಬೇಡಿಕೊಂಡಳು.

ಆ ಕೈ ಖಾಲಿಯಾಗಿ ಚಾಚಿಕೊಂಡಿತ್ತು. ಇಷ್ಟೆಲ್ಲ ಆದ ಮೇಲೂ ತಿರುಗಿ ನೋಡಲಿಲ್ಲವಲ್ಲ ಆ ಮನುಷ್ಯ. ಅದಕ್ಕೆ ಇನ್ನೊಂದು ಸುಳ್ಳು ಕೊಡಲು ಮನಸ್ಸು ಬರಲಿಲ್ಲ. ಕರಿಯನನ್ನು ಕೊಟ್ಟೆ. ಕೊಟ್ಟು ಕಣ್ಣು ಮುಚ್ಚಿಕೊಂಡೆ.

ಎಳೆದರು. ಸ್ವರ ಏರಿತು, ಏರಿತು, ಅರ್ಧಕ್ಕೆ ನಿಂತಿತು. ಈ ಸಲ ತಮಾಷೆ ಮಾಡಲಿಲ್ಲ. ಮತ್ತೆ ಪ್ರಯತ್ನಿಸಲೂ ಇಲ್ಲ. ನಿಂತ ಸ್ವರವನ್ನು ನಿಂತಲ್ಲೇ ಬಿಟ್ಟು, ಅದು ತಾನಾಗಿ ಆರುವವರೆಗೆ ಕಾದರು. ಉಳಿದದ್ದನ್ನು ತಂತಿ ಎಳೆಯದೆ, ತಗ್ಗು ಸ್ವರದ ತಂತಿಗಳ ಮೇಲೆ, ಒಂದೊಂದೇ ಸ್ವರ, ಕೈಗೆ ಎಷ್ಟಾಗುತ್ತದೋ ಅಷ್ಟು ಬಾರಿಸಿದರು. ಜನ ಗಲಾಟೆ ಮಾಡಲಿಲ್ಲ. ಚಪ್ಪಾಳೆಯೂ ತಡವಾಗಿ ಬಂತು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಕೊನೆಯ ಹಾಡಿಗೆ ಮೊದಲು ದೀಪ ಆರಿಸುವವನಿಗೆ ಕೈಯೆತ್ತಿ ಬೇಡ ಅಂದರು. ಬೆಳಕಿನಲ್ಲೇ, ಎಲ್ಲರೂ ನೋಡುತ್ತಿರುವಾಗಲೇ ನನ್ನ ಹತ್ತಿರ ನಡೆದು ಬಂದರು. ಎಡಗೈಯ ಎರಡು ಬೆರಳಿನಲ್ಲಿ ರಕ್ತ. ಕರಿಯನನ್ನು ನನ್ನ ಕೊರಳಿಗೇ ಹಾಕಿದರು.

"ತೆಳ್ಳಂದು ಕೊಡು."

"ಇದೆ ಅಂತ ಹೇಗೆ ಗೊತ್ತು?"

"ನೀನು ಕಟ್ಟಿಡದೆ ಇರ್ತೀಯಾ, ಕಳ್ಳಿ?"

ತಮ್ಮನನ್ನು ಕೊಟ್ಟೆ.


ಮಾರ್ಚ್ 31, ಸೋಮವಾರ. ಮಧ್ಯಾಹ್ನ

ಕರಿಯ ಗಾಜಿನೊಳಗೆ ಹೋದ. ತಂತಿಯ ಮೇಲಿನ ರಕ್ತ ಒರೆಸಬೇಡಿ ಎಂದರು ಮೇಡಂ. ಒರೆಸಿಯೇ ಕಳಿಸಿದೆ. ಅದು ಪ್ರದರ್ಶನಕ್ಕಲ್ಲ.

ಡ್ರಾಯರಿನ ಹನ್ನೊಂದರ ಪ್ಯಾಕೆಟ್ಟುಗಳನ್ನೆಲ್ಲ ಕಸಕ್ಕೆ ಹಾಕಿದೆ. ತಮ್ಮನಿಗೆ ಎಂಟರ ಪ್ಯಾಕೆಟ್ಟಿನಿಂದಲೇ ಎಂಟರ ತಂತಿ ಕಟ್ಟುತ್ತಿದ್ದೆ. ಭಾವ ಬಂದು ಎದುರಿನ ಸ್ಟೂಲಿನ ಮೇಲೆ ಕುಳಿತರು. ಬೆರಳಿಗೆ ಅಕ್ಕ ಸುತ್ತಿದ ಬಟ್ಟೆ. ಬಲಗೈಯಿಂದ ಒಂದೊಂದೇ ತಂತಿ ಬಿಡಿಸಿ ಕೊಟ್ಟರು. ಇಷ್ಟು ವರ್ಷದಲ್ಲಿ ಈ ಕೆಲಸಕ್ಕೆ ಅವರು ಕೂತದ್ದು ಇದೇ ಮೊದಲು.

"ಎಂಟೂ ಆಗದ ದಿನ?"

"ಏಳು ಇದೆ ಭಾವ."

"ಅದೂ ಆಗದ ದಿನ?"

ಸುಳ್ಳು ಹೇಳಬಾರದು ಎಂದುಕೊಂಡೆ. ತಂತಿಯ ತುದಿ ಕತ್ತರಿಸಿದೆ. ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿದೆ. "ನಿಮ್ಮ ಬಲಗೈ ಗಟ್ಟಿಯಾಗಿದೆಯಲ್ಲ. ನಾನು ಒತ್ತಿ ಹಿಡಿತೀನಿ, ನೀವು ಮೀಟಿ."

ಜೋರಾಗಿ ನಕ್ಕರು. "ಒಂದು ಹಾಡು ಬರಲ್ಲ ನಿನಗೆ!" ನಗು ನಿಂತಿತು. ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದರು. ತಮ್ಮನ ಮೈ ಅವರ ತೊಡೆಯ ಮೇಲೆ, ಕುತ್ತಿಗೆ ನನ್ನ ಮಡಿಲಲ್ಲಿ.

"ಮೂರನೇ ತಂತಿ. ಅಲ್ಲಲ್ಲ, ಇನ್ನೊಂದು ಮನೆ ಮೇಲೆ. ಒತ್ತು. ಈಗ ಎಳಿ. ಇನ್ನೂ ಎಳಿ ಕಣೇ, ಅದೇನು ಕಿತ್ತುಹೋಗಲ್ಲ!"

ಎಳೆದೆ. ಅವರು ಮೀಟಿದರು. ಮೊದಲ ಸಲ ಕೀರಲು. ಎರಡನೆಯ ಸಲವೂ. ಆಮೇಲೆ ಏರಿತು... ಅರ್ಧ ದಾರಿ ದಾಟಿತು. ಮೇಲೆ ಅಕ್ಕ ಓಡಾಡುತ್ತಿದ್ದ ಸದ್ದು ನಿಂತುಹೋಯಿತು.

ಊಟ ಮುಗಿಸಿ ಬರೆಯುತ್ತಿದ್ದೇನೆ. ಅವರು ಮೊದಲೇ ಕೆಳಗೆ ಹೋಗಿ ಕುಳಿತಿದ್ದಾರೆ. ಎಡಗೈ ಬೆರಳಿನ ತುದಿ ಉರಿಯುತ್ತಿದೆ, ಬರೆಯುವ ಕೈಯೂ ಅದೇ, ಪೆನ್ನು ಸರಿಯಾಗಿ ನಿಲ್ಲುತ್ತಿಲ್ಲ. ಆಗಲೇ ಎರಡು ಸಲ ಕೂಗಿದರು, ಎಡಚೀ ಎಂದು. ಇವತ್ತಿನಿಂದ ದಿನಾ ಅಭ್ಯಾಸ ಅಂತೆ, ನನ್ನ ಬೆರಳು ಗಟ್ಟಿಯಾಗುವವರೆಗೂ. ಮತ್ತೆ ಕೂಗು. ಬಂದೆ ಭಾವ, ಬಂ