ಹದಿನೇಳನೇ ಕಂಬದ ದೋಷವೂ ನನ್ನ ತರಬೇತಿಯ ವರ್ಷವೂ

ಮಾನ್ಯ ತರಬೇತಿ ಅಧಿಕಾರಿಗಳೇ,

ಟೆಲಿಫೋನ್ ತಂತಿಯ ದೋಷವೊಂದನ್ನು ಹುಡುಕಿ ಸರಿಪಡಿಸಿದ ಅಪರಾಧಕ್ಕಾಗಿ ತಾವು ನನ್ನ ಒಂದು ವರ್ಷದ ತರಬೇತಿಯನ್ನು 'ತೃಪ್ತಿಕರವಲ್ಲ' ಎಂದು ತೀರ್ಮಾನಿಸಿದ್ದೀರಿ. ಆ ಕಾಗದ ತಲುಪಿದ ದಿನದಿಂದ ಪಾಲಿಟೆಕ್ನಿಕ್ಕಿನವರು ನನ್ನ ಡಿಪ್ಲೊಮಾ ತಡೆಹಿಡಿದಿದ್ದಾರೆ. ವೇದಸಂದೂರಿನ ಕಡೆಯ ನೂಲಿನ ಗಿರಣಿಯೊಂದು ನನಗೆ ವಿದ್ಯುತ್ ವಿಭಾಗದಲ್ಲಿ ಕೆಲಸ ಕೊಡಲು ಒಪ್ಪಿ, ಪ್ರಮಾಣಪತ್ರ ತರಲು ಈ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದೆ. ನಾನು ಇಂಗ್ಲಿಷಿನಲ್ಲಿ ಮನವಿ ಬರೆದೆ, ಪರಿಶೀಲನೆಯಲ್ಲಿದೆ ಎಂದಿರಿ. ತಮಿಳಿನಲ್ಲಿ ಬರೆದೆ, ಮೊದಲಿನ ಮನವಿ ಪರಿಶೀಲನೆಯಲ್ಲಿರುವಾಗ ಎರಡನೆಯದಕ್ಕೆ ಅವಕಾಶವಿಲ್ಲ ಎಂದಿರಿ. ಸೋದರಮಾವನ ಮನೆಯಲ್ಲಿದ್ದು ನಾಲ್ಕು ವರ್ಷ ಮೈಸೂರಿನ ಶಾಲೆಗೆ ಹೋದ ಪುಣ್ಯಕ್ಕೆ ಮನೆಮಾತಿನ ಅಕ್ಷರವೂ ನನಗೆ ಬರುತ್ತದೆ. ಇನ್ನು ಉಳಿದದ್ದು ಅದೊಂದೇ ಆದ್ದರಿಂದ ಈ ಪತ್ರಿಕೆಯ ಮೂಲಕ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಓದುಗರಿಗೆ ಸಂಗತಿ ತಿಳಿಯಲಿ. ತಮಿಳು ಸೀಮೆಯ ಕಂಬಂ ಕಣಿವೆಯ ಒಂದು ಪುಟ್ಟ ಎಕ್ಸ್‌ಚೇಂಜಿಗೆ ನನ್ನನ್ನು ಪ್ರಾಯೋಗಿಕ ತರಬೇತಿಗೆಂದು ಕಳಿಸಲಾಗಿತ್ತು. ನನ್ನ ಕೆಲಸ ಬ್ಯಾಟರಿಗಳಿಗೆ ನೀರು ಹಾಕುವುದು, ಸ್ವಿಚ್‌ಬೋರ್ಡಿನ ಸವೆದ ವೈರು ಬದಲಿಸುವುದು, ಲೈನ್‌ಮನ್ ವೇಲುಸಾಮಿಯ ಹಿಂದೆ ಏಣಿ ಹೊತ್ತು ನಡೆಯುವುದು ಮತ್ತು ಬಂದ ದೂರುಗಳನ್ನು ದೂರಿನ ಪುಸ್ತಕದಲ್ಲಿ ಬರೆಯುವುದು. ಆ ಪುಸ್ತಕದಲ್ಲಿ ಹನುಮಂತನಪಟ್ಟಿಯ ದಾರಿಯ ಲೈನಿನ ಬಗ್ಗೆ ಎರಡು ವರ್ಷಗಳ ದೂರುಗಳಿದ್ದವು. ಬೆಳಿಗ್ಗೆ ಏಳರ ಹೊತ್ತಿಗೆ ಸರಿಯಾಗಿ ಲೈನಿನಲ್ಲಿ ಕರಕರ ಸದ್ದು ಬಂದು ಮಾತು ಸತ್ತುಹೋಗುತ್ತದೆ, ಎಂಟಕ್ಕೆ ತಾನಾಗಿಯೇ ಸರಿಯಾಗುತ್ತದೆ. ಕಚೇರಿಯವರು ಹತ್ತೂವರೆಗೆ ಬಂದು, ಕಾಫಿ ಕುಡಿದು, ಹನ್ನೊಂದಕ್ಕೆ ಲೈನನ್ನು ಪರೀಕ್ಷಿಸುತ್ತಾರೆ. ಎದುರಿಗೆ 'ದೋಷ ಕಂಡುಬಂದಿಲ್ಲ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಇಂಥ ಇನ್ನೂರು ಚಿಲ್ಲರೆ 'ಕಂಡುಬಂದಿಲ್ಲ'ಗಳನ್ನು ನಾನೇ ಎಣಿಸಿದ್ದೇನೆ. ಕಳ್ಳ ಮನೆ ಬಿಟ್ಟು ಹೋದ ಮೇಲೆ ಬಂದು, ಕಳ್ಳನೇ ಇಲ್ಲ ಎಂದು ಬರೆದುಕೊಳ್ಳುವ ಪೊಲೀಸರಿಗೆ ತಾವು ಬಡ್ತಿ ಕೊಡುತ್ತೀರಾ?

ಆ ಲೈನಿನ ಕೊನೆಯಲ್ಲಿ ಒಂದು ಹೆರಿಗೆ ಆಸ್ಪತ್ರೆಯಿದೆ. ಅಲ್ಲಿನ ನರ್ಸ್ ಮುನಿಯಮ್ಮಾಳ್ ಒಂದು ಬೆಳಿಗ್ಗೆ ಏಳೂಕಾಲಕ್ಕೆ ಜೀಪು ಕರೆಸಲು ಫೋನಿನ ಹಿಡಿಕೆ ತಿರುಗಿಸಿ ತಿರುಗಿಸಿ ಸೋತು, ಕೊನೆಗೆ ಹೆರಿಗೆ ಕಷ್ಟವಾದ ಹೆಂಗಸನ್ನು ಹುಲ್ಲಿನ ಗಾಡಿಯಲ್ಲಿ ಮಲಗಿಸಿಕೊಂಡು ಆರು ಮೈಲಿ ಆಚೆಯ ದೊಡ್ಡ ಆಸ್ಪತ್ರೆಗೆ ಹೋದರು. ತಾಯಿ, ಮಗು ಇಬ್ಬರೂ ಉಳಿದರು. ಮರುದಿನ ಅದೇ ಗಾಡಿಯಲ್ಲಿ ಮರಳುತ್ತ ಮುನಿಯಮ್ಮಾಳ್ ಎಕ್ಸ್‌ಚೇಂಜಿಗೆ ಬಂದು ಜಗಳವಾಡಲಿಲ್ಲ, ದೂರು ಬರೆಸಿ ಹೋದರು. ಅವರ ಸೀರೆಗೆ ಅಂಟಿದ್ದ ಹುಲ್ಲು ನೋಡಿ ನನಗೆ ನಾಚಿಕೆಯಾಯಿತು. ಆ ದೂರಿನ ಮುಂದೆಯೂ ಹನ್ನೊಂದು ಗಂಟೆಗೆ 'ದೋಷ ಕಂಡುಬಂದಿಲ್ಲ' ಎಂದೇ ಬರೆಯಲಾಯಿತು. ಬರೆದದ್ದು ನನ್ನ ಕೈ, ಹೇಳಿ ಬರೆಸಿದ್ದು ನಿಮ್ಮ ಇನ್‌ಸ್ಪೆಕ್ಟರು.

ಅಂದು ರಾತ್ರಿ ಊಟದ ಹೊತ್ತಿನಲ್ಲಿ ಇದನ್ನು ಮನೆಯಲ್ಲಿ ಹೇಳಿದೆ. ನನ್ನ ಅಪ್ಪನ ತಾಯಿ ಓಚ್ಚಮ್ಮಾಳ್ ಮುದ್ದೆ ಮುರಿಯುತ್ತ ಕೇಳಿದರು, "ಯಾವ ಕಂಬ ಸಾಮಿ? ವಾಯ್ಕಾಲ್ ಪಕ್ಕದ್ದಾ? ಅದ್ರಾಗೆ ತಾನೆ ಪಟ್ಟದ ಹೋರಿ ದಿನಾ ಕತ್ತು ಉಜ್ಕಳಾದು. ಊರ್ಗೆಲ್ಲ ತೆರಿಂಜ ಸೇದಿ." ಊರಿಗೆಲ್ಲ ಗೊತ್ತಿದ್ದ ಸುದ್ದಿಯಂತೆ!

ನಮ್ಮ ಕುಲದವರು ತಲೆಮಾರುಗಳಿಂದ ದೇವರಿಗೆ ಬಿಟ್ಟ ಹಸುಗಳ ಹಿಂಡೊಂದು ಈ ಕಣಿವೆಯಲ್ಲಿದೆ. ಆ ಹಸುಗಳ ಹಾಲು ಕರೆಯುವುದಿಲ್ಲ, ಅವುಗಳ ಮೇಲೆ ನೊಗ ಇಡುವುದಿಲ್ಲ, ಕೋಲೆತ್ತುವುದಿಲ್ಲ. ಹಿಂಡಿನ ಮುಂದೆ ನಡೆಯುವ ಹೋರಿಗೆ ಪಟ್ಟದ ಹೋರಿ ಎನ್ನುತ್ತಾರೆ. ಆ ಮಹಾರಾಜರು ದಿನಾ ಬೆಳಿಗ್ಗೆ ಮೇಯಲು ಹೊರಟಾಗ ಕಾಲುವೆಯ ಪಕ್ಕದ ಹದಿನೇಳನೇ ಕಂಬಕ್ಕೆ ಕತ್ತು ಉಜ್ಜಿಕೊಳ್ಳುತ್ತಾರೆ, ಹಿಂದಿನವರೂ ಸಾಲಾಗಿ ಉಜ್ಜಿಕೊಳ್ಳುತ್ತಾರೆ. ಕಂಬ ಅಲುಗುತ್ತದೆ, ಸಡಿಲಾದ ತಂತಿಗಳು ಒಂದಕ್ಕೊಂದು ತಾಗುತ್ತವೆ, ಮಾತು ಸಾಯುತ್ತದೆ.

"ಅವ್ವಾ, ಎರಡ್ ವರ್ಸದಿಂದ ತೆರಿಂಜೂ ಯಾರೂ ಯಾಕ್ ಸೊಲ್ಲಲಿಲ್ಲ?" ಎಂದೆ.

"ಸಾಮಿ ಹೋರಿ ಮ್ಯಾಲೆ ಯಾರ್ರಾ ಪುಗಾರ್ ಕೊಡ್ತಾರೆ?" ಎಂದರು ಅವ್ವ, ದೇವರ ಹೋರಿಯ ಮೇಲೆ ದೂರು ಕೊಟ್ಟವನು ಊರಲ್ಲಿ ಬಾಳುವುದು ಹೇಗೆ ಎನ್ನುವ ಧಾಟಿಯಲ್ಲಿ.

ತಪ್ಪು ನಮ್ಮವರದೂ ಇದೆ, ಒಪ್ಪುತ್ತೇನೆ. ಮುನಿಯಮ್ಮಾಳ್ ಅವರಿಗೂ ಗೊತ್ತಿತ್ತು, ವೇಲುಸಾಮಿಗೂ ಗೊತ್ತಿತ್ತು. ಚಿಕ್ಕಂದಿನಿಂದ ಆ ಹಿಂಡಿಗೆ ಕೈ ಮುಗಿದ ನಾನೂ ನಾಲ್ಕು ತಿಂಗಳು ದೋಷವನ್ನು ಕಂಬದ ತುದಿಯಲ್ಲಿ ತಂತಿ ಕಟ್ಟುವ ಪಿಂಗಾಣಿ ಬಟ್ಟಲುಗಳಲ್ಲಿ ಹುಡುಕಿದೆ. ಆದರೆ ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಆ ಕಂಬದ ಹತ್ತಿರ ನಿಂತು ಕಣ್ಣಾರೆ ನೋಡಿದೆ. ಎರಡು ವರ್ಷದಲ್ಲಿ ನಿಮ್ಮ ಕಚೇರಿಯ ಒಬ್ಬರಾದರೂ ಬೆಳಿಗ್ಗೆ ಏಳಕ್ಕೆ ಅಲ್ಲಿ ನಿಂತದ್ದುಂಟೇ?

ನೋಡಿದ್ದನ್ನು ದೂರಿನ ಪುಸ್ತಕದಲ್ಲಿ ಬರೆದೆ. ಇನ್‌ಸ್ಪೆಕ್ಟರು ಹುಬ್ಬೇರಿಸಿದರು. ಒಪ್ಪಿತ ಕಾರಣಗಳ ಪಟ್ಟಿಯಲ್ಲಿ ಗಾಳಿ, ಮಳೆ, ಸಿಡಿಲು, ಮರದ ಕೊಂಬೆ, ಗಾಳಿಪಟ, ತಂತಿ ಕಳವು, ಹಕ್ಕಿ ಇವೆಯಂತೆ. ಹೋರಿ ಇಲ್ಲವಂತೆ. ವೇಲುಸಾಮಿ ನನ್ನನ್ನು ಪಕ್ಕಕ್ಕೆ ಕರೆದು, "ತಂಬಿ, ಪಕ್ಕಿ ಅಂತ ಬರ್ದುಡು. ಪಕ್ಕಿ ಏನ್ ಬಂದು ಸಾಕ್ಸಿ ಸೊಲ್ತದಾ?" ಎಂದ. ಇಪ್ಪತ್ತು ವರ್ಷ ಕಂಬ ಹತ್ತಿದವನ ಬುದ್ಧಿವಾದ ಅದು, ಕೇಳಿದ್ದರೆ ಇವತ್ತು ನನ್ನ ಕೈಯಲ್ಲಿ ಡಿಪ್ಲೊಮಾ ಇರುತ್ತಿತ್ತು. ಅಷ್ಟು ತೂಕದ ಹಕ್ಕಿ ಈ ಕಣಿವೆಯಲ್ಲಿ ಇಲ್ಲ ಎಂಬ ಹಟಕ್ಕೆ ಬಿದ್ದು ನಾನು ಬರೆದದ್ದನ್ನು ಅಳಿಸಲಿಲ್ಲ.

ಆಗ ತಮ್ಮ ಆದೇಶ ಬಂತು. ಕಂಬಕ್ಕೆ ಆಳೆತ್ತರ ಮುಳ್ಳುತಂತಿ ಸುತ್ತಬೇಕು, ಸುತ್ತಬೇಕಾದವನು ತರಬೇತಿಯ ವಿದ್ಯಾರ್ಥಿ. ನಾನು ಆಗುವುದಿಲ್ಲ ಎಂದೆ. ಮಾನ್ಯರೇ, ದೇವರ ಹೋರಿಯ ಕತ್ತಿನಿಂದ ಒಂದು ಹನಿ ರಕ್ತ ಬಿದ್ದರೆ ನಮ್ಮ ಊರಲ್ಲಿ ಅಂದು ಒಲೆ ಹೊತ್ತುವುದಿಲ್ಲ, ಮರುದಿನ ಕಂಬವೂ ಇರುವುದಿಲ್ಲ. ಇದನ್ನು ವಿನಯದಿಂದಲೇ ಬರೆದು, ಬೇರೆ ಉಪಾಯವನ್ನೂ ಸೂಚಿಸಿದೆ. ಉತ್ತರ ಬರಲಿಲ್ಲ. ಹಿಂಡು ಕಾಯುವ ಕಾಳಿಯಪ್ಪನ್ ಅವರನ್ನು ಕಂಡು ಮಾತಾಡಿದೆ. ಅವರು ನಾಲ್ಕು ಜನರನ್ನು ಕರೆದು, ಕಂಬದಿಂದ ಇಪ್ಪತ್ತು ಅಡಿ ಈಚೆಗೆ, ಹಿಂಡು ಬರುವ ದಾರಿಯಲ್ಲಿ ಒಂದು ಒರಟು ಕಲ್ಲು ನೆಡಿಸಿದರು. ದನ ಮೈ ಉಜ್ಜಿಕೊಳ್ಳಲೆಂದು ನೀರಿನ ಹತ್ತಿರ ಕಲ್ಲು ನೆಡುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಕೆಲಸ. ಪಟ್ಟದ ಹೋರಿ ಮೊದಲ ದಿನ ಮೂಸಿತು, ಎರಡನೆಯ ದಿನ ಉಜ್ಜಿತು, ಮೂರನೆಯ ದಿನದಿಂದ ಕಂಬದ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮತ್ತು ವೇಲುಸಾಮಿ ತಂತಿ ಬಿಗಿದೆವು. ಅಂದಿನಿಂದ ನನ್ನ ತರಬೇತಿ ಮುಗಿಯುವವರೆಗೆ, ಐದು ತಿಂಗಳು, ಆ ಲೈನಿನಿಂದ ಒಂದೇ ಒಂದು ದೂರು ಬರಲಿಲ್ಲ.

ಅದನ್ನು ನೋಡಲು ತಾವೇ ಜೀಪಿನಲ್ಲಿ ದಯಮಾಡಿಸಿದಿರಿ, ಬೆಳಿಗ್ಗೆ ಹನ್ನೊಂದಕ್ಕೆ. ಅಷ್ಟರಲ್ಲಿ ಹೆಂಗಸರು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ್ದರು. "ಇದು ಯಾವ ದೇವರು?" ಎಂದು ಕೇಳಿದಿರಿ. "ದೇವರಲ್ಲ ಸಾರ್, ಲೈನ್ ನಿರ್ವಹಣೆಯ ಉಪಕರಣ" ಎಂದೆ. ಅದು ಉದ್ಧಟತನವಾಯಿತಂತೆ. ಉಪಕರಣ ಅಲ್ಲದಿದ್ದರೆ ಅದೇನು, ತಾವೇ ಹೇಳಿ. ನಿಮ್ಮ ಉಗ್ರಾಣದಲ್ಲಿರುವ ಎಷ್ಟು ಉಪಕರಣಗಳು ಐದು ತಿಂಗಳು ಕೆಡದೆ ಕೆಲಸ ಮಾಡಿವೆ? ಆ ವರ್ಷದ ವರದಿಯಲ್ಲಿ ಹನುಮಂತನಪಟ್ಟಿ ಲೈನ್ 'ಇಲಾಖೆಯ ಸತತ ಪರಿಶ್ರಮದಿಂದ' ಸುಧಾರಿಸಿತು ಎಂದು ಬರೆದು ಬೆನ್ನು ತಟ್ಟಿಕೊಂಡಿದ್ದೀರಿ. ಸುಧಾರಿಸಿದ್ದು ಇಲಾಖೆ, ತೃಪ್ತಿಕರವಲ್ಲದ್ದು ನಾನು. ಇದನ್ನು ಓದಿದ ದಿನ ನನಗೆ ಮೊದಲು ನಗು ಬಂತು, ಆಮೇಲೆ ಊಟ ಸೇರಲಿಲ್ಲ.

ಈಗ ನನ್ನ ಬೇಡಿಕೆ. 'ತೃಪ್ತಿಕರ' ಎಂದು ತಿದ್ದಿ ಎಂದು ನಾನು ಕೇಳುವುದಿಲ್ಲ. ತಿದ್ದಿದರೆ ತಮ್ಮ ಮಾತು ಕೆಳಗಾಗುತ್ತದೆ, ಅದು ತಮಗೆ ಎಷ್ಟು ಕಷ್ಟವೆಂದು ಬಲ್ಲೆ. ತರಬೇತಿಯ ನಮೂನೆಯಲ್ಲಿ ಆ ಪದದ ಕೆಳಗೆ 'ಕಾರಣ' ಎಂಬ ಖಾಲಿ ಜಾಗವಿದೆ, ತಾವು ಅಲ್ಲಿ ಒಂದು ಗೆರೆ ಎಳೆದಿದ್ದೀರಿ. ಆ ಗೆರೆ ಹೊಡೆದುಹಾಕಿ, ನಡೆದದ್ದನ್ನು ಬರೆಯಿರಿ: ಈ ವಿದ್ಯಾರ್ಥಿ ಎರಡು ವರ್ಷದ ದೋಷವನ್ನು ಕಂಡುಹಿಡಿದ, ಕಂಡದ್ದನ್ನು ಪುಸ್ತಕದಲ್ಲಿ ಬರೆದ, ಮುಳ್ಳುತಂತಿ ಸುತ್ತಲು ಒಪ್ಪಲಿಲ್ಲ, ಕಲ್ಲು ನೆಡಿಸಿದ, ಆದ್ದರಿಂದ ತೃಪ್ತಿಕರವಲ್ಲ. ಕೆಳಗೆ ತಮ್ಮ ಸಹಿ ಮತ್ತು ಮೊಹರು ಇರಲಿ. ಆ ಕಾಗದವನ್ನೇ ನಾನು ಗಿರಣಿಯ ಎಂಜಿನಿಯರರ ಮೇಜಿನ ಮೇಲೆ ಇಡುತ್ತೇನೆ. ಅವರು ಓದಿ ನನ್ನನ್ನು ಬೇಡ ಎಂದರೆ ನಾನು ಇನ್ನೊಂದು ಮನವಿ ಬರೆಯುವುದಿಲ್ಲ. ಬರೆಯಲು ತಮ್ಮ ಕೈ ಬರುವುದಿಲ್ಲವೆಂದರೆ, ಅದು ಏಕೆ ಬರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ತಮಗೇ ಗೊತ್ತು.

ಇಂತಿ,
ಗಡುವಿಗೆ ಇನ್ನು ಹನ್ನೆರಡು ದಿನವಿರುವಾಗ ಅಪ್ಪನ ದ್ರಾಕ್ಷಿ ಚಪ್ಪರಕ್ಕೆ ತಂತಿ ಬಿಗಿಯುತ್ತಿರುವ, ತಮ್ಮ ತೃಪ್ತಿಗೆ ಒಳಗಾಗದ ವಿದ್ಯಾರ್ಥಿ,
ಈಶ್ವರನ್
ಹನುಮಂತನಪಟ್ಟಿ, ೧೯೬೬