ಚೀಲದಡಿಯ ಅಕ್ಷರ

ಅಮ್ಮಾ,

ಇವತ್ತು ಚಿಕ್ಕಮ್ಮನ ಮುಖಕ್ಕೇ ಬಾಗಿಲು ಹಾಕಿದೆ. ನೀನಿದ್ದಿದ್ದರೆ ನೀನೂ ಅದನ್ನೇ ಮಾಡುತ್ತಿದ್ದೆ.

ನೀನು ಹೋದಮೇಲೆ ನನ್ನ ಹೊಟ್ಟೆಗೆ ನೀರು ಬಿಟ್ಟು ಇಳಿಸುವ ಡಯಾಲಿಸಿಸ್ ಚೀಲವನ್ನು ನಾನೇ ಬದಲಾಯಿಸಿಕೊಳ್ಳುತ್ತಿದ್ದೇನೆ. ಇವತ್ತೂ ಧೂಳು ಹಾರದಂತೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕೈ ತೊಳೆದು, ಹೊಟ್ಟೆಯ ನಳಿಕೆಯ ಮುಚ್ಚಳ ತೆಗೆಯುವುದರಲ್ಲಿದ್ದೆ. ಚಿಕ್ಕಮ್ಮ ಒಳಗೆ ಬಂದವಳೇ ಫ್ಯಾನ್ ಹಾಕಿದಳು.

"ಆಚೆ ಹೋಗು ಚಿಕ್ಕಮ್ಮ."

"ಯಾಕೆ, ನಾನೇನು ರೋಗ ಹೊತ್ಕೊಂಡು ಬಂದಿದೀನಾ?"

"ಗೊತ್ತಿಲ್ಲ. ಹೊಟ್ಟೆಯೊಳಗೆ ಸೋಂಕಾದ್ಮೇಲೆ ಗೊತ್ತಾಗಿ ಏನು ಪ್ರಯೋಜನ?"

"ಥೇಟ್ ನಿಮ್ಮಮ್ಮನೇ ಕಣೇ. ಅದೇ ಬಜಾರಿತನ."

ಅದನ್ನು ನಾನು ಬೈಗುಳ ಅಂದುಕೊಳ್ಳಲಿಲ್ಲ. ಅವಳನ್ನು ಆಚೆ ಕಳಿಸಿ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಮತ್ತೆ ಮೊದಲಿಂದ ಕೈ ತೊಳೆದೆ.

ಸೋಂಕಾದರೆ ಮನೆಯಲ್ಲಿ ಮಾಡಿಕೊಳ್ಳುವುದನ್ನು ನಿಲ್ಲಿಸಿ ಆಸ್ಪತ್ರೆಯ ಯಂತ್ರಕ್ಕೆ ಹೋಗಬೇಕಾಗಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಹೇಗೂ ಸ್ಕೂಲು ಬಿಟ್ಟವಳು, ಇವಳೊಬ್ಬಳಿಂದ ಇದೆಲ್ಲ ಆಗಲ್ಲ, ಈಗಲೇ ಹೋಗಲಿ ಅನ್ನುವುದು ಚಿಕ್ಕಮ್ಮನ ವಾದ. ಗಂಟೆಗಟ್ಟಲೆ ಯಂತ್ರದ ಪಕ್ಕ ಮಲಗಿರುವುದು ನನ್ನ ಜಾಯಮಾನವಲ್ಲ. ನಾನು ಹೋಗುವುದಿಲ್ಲ.

ಹೊಟ್ಟೆಯಿಂದ ಇಳಿದ ನೀರಿನ ಚೀಲವನ್ನು ನೀನು ಇಟ್ಟುಹೋದ ಹಳೇ ಪೇಪರಿನ ಮೇಲಿಟ್ಟೆ. ಸೋಂಕಿದ್ದರೆ ನೀರು ಮಬ್ಬಾಗಿ ಅಕ್ಷರ ಕಾಣುವುದಿಲ್ಲ. ಎಲ್ಲ ಕಂಡವು. ನೀನು ಓದಿಸುತ್ತಿದ್ದ ಹಾಗೇ ಗಟ್ಟಿಯಾಗಿ ಓದಿದೆ, ಬಾಗಿಲಾಚೆಗೂ ಕೇಳಲಿ ಅಂತ. ಸ್ಕೂಲು ಬಿಟ್ಟವಳ ಕೈಲಿ ದಿನಾ ಓದಿಸಿದವಳು ನೀನೊಬ್ಬಳೇ.

ಓದಿ ಮುಗಿಸಿ, "ಸರಿ, ಚೆಲ್ಲು" ಅನ್ನುವ ನಿನ್ನ ಮಾತಿಗೆ ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಹೇಳಿಕೊಂಡು ಚೆಲ್ಲಿದೆ.